ತಾನಾಗಿ ತಿರುಗದ ಕಾಂತಚಕ್ರ

ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುವ ಅಧ್ಯಾಪಕರಲ್ಲಿ ಅನೇಕರು ಇಂಥ ಪ್ರಸಂಗವೊಂದನ್ನು ಎದುರಿಸಿಯೇ ಇರುತ್ತಾರೆ. ಕಾಂತತ್ವದ ಪಾಠ ಮುಗಿದು ವಾರ ಕಳೆಯುವಷ್ಟರಲ್ಲಿ ವಿದ್ಯಾರ್ಥಿಯೊಬ್ಬ ಕೈಯಲ್ಲಿ ಏನನ್ನೋ ಹಿಡಿದು ಬರುತ್ತಾನೆ. ಹಳೆಯ ಧ್ವನಿವರ್ಧಕದಿಂದ ಕಿತ್ತ ಕಾಂತ, ಮುರಿದ ಆಟಿಕೆಯ ಚಕ್ರ, ಸೈಕಲ್ ಅಂಗಡಿಯಿಂದ ಬೇಡಿ ತಂದ ಬೇರಿಂಗು, ಇವುಗಳಿಂದ ಮಾಡಿದ ಒಂದು ಯಂತ್ರ. ವಿದ್ಯುತ್ತಿಲ್ಲದೆ, ಎಣ್ಣೆಯಿಲ್ಲದೆ, ಕಾಂತದ ಬಲವೊಂದರಿಂದಲೇ ಅದು ನಿರಂತರವಾಗಿ ತಿರುಗುವುದೆಂದು ಅವನ ನಂಬಿಕೆ. ಇನ್ನೂ ತಿರುಗಿಲ್ಲ, ‘ಸ್ವಲ್ಪ ಸರಿಮಾಡಬೇಕು’ ಅಷ್ಟೇ.

ಇಪ್ಪತ್ತು ವರ್ಷಗಳ ಹಿಂದೆ ಕಾಸರಗೋಡಿನ ಕಡೆಯ ಒಂದು ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೀಗೆಯೇ ಬಂದಿದ್ದ. “ಮಾಷ್ಟ್ರೇ, ಇದಕ್ಕೆ ಕರೆಂಟು ಬೇಡ, ಸೂಜಿಗಲ್ಲು ಮಾತ್ರ ಸಾಕು” ಎಂದ. ನನಗೆ ಅಂದು ಪರೀಕ್ಷೆಯ ಉತ್ತರಪತ್ರಿಕೆಗಳ ಅವಸರ. ಶಕ್ತಿ ಸಂರಕ್ಷಣಾ ನಿಯಮಕ್ಕೆ ಇದು ವಿರುದ್ಧ, ಆಗುವ ಕೆಲಸವಲ್ಲ, ಪಾಠ ಓದು ಎಂದು ಹೇಳಿ ಕಳುಹಿಸಿದೆ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಹುಡುಗ ಮತ್ತೆ ಯಾವುದನ್ನೂ ಮಾಡಿ ತರಲಿಲ್ಲ, ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮೂರು ತಿಂಗಳ ಕೈಕೆಲಸಕ್ಕೆ ನಾನು ಕೊಟ್ಟದ್ದು ಮೂರು ವಾಕ್ಯ. ಅವನ ಚಕ್ರವನ್ನು ಒಮ್ಮೆ ಕೈಯಿಂದ ಮುಟ್ಟಿಯೂ ನೋಡಿರಲಿಲ್ಲ. ಈ ಲೇಖನವನ್ನು ಬರೆಯುವುದಕ್ಕೆ ಅದೇ ಮುಖ್ಯ ಕಾರಣ.

ಕಾಂತಚಕ್ರದ ಆಸೆ ನಮ್ಮ ವಿದ್ಯಾರ್ಥಿಗಳದ್ದು ಮಾತ್ರವಲ್ಲ. ಅದಕ್ಕೆ ಏಳೂವರೆ ಶತಮಾನಗಳ ಚರಿತ್ರೆಯಿದೆ. ಕಾಂತದ ಎರಡು ತುದಿಗಳಿಗೆ ಧ್ರುವಗಳೆಂದು ಹೆಸರಿಟ್ಟು, ಅವುಗಳ ಆಕರ್ಷಣ ವಿಕರ್ಷಣಗಳನ್ನು ಕ್ರಮವಾಗಿ ವಿವರಿಸಿದ ಫ್ರಾನ್ಸಿನ ಪೀಟರ್ ಪೆರಿಗ್ರಿನಸ್ 1269ರ ಆಗಸ್ಟ್ 8ರಂದು ಇಟಲಿಯ ಲುಚೇರಾ ಎಂಬ ಊರಿಗೆ ಮುತ್ತಿಗೆ ಹಾಕಿದ್ದ ಸೈನ್ಯದ ಪಾಳೆಯದಿಂದ ಒಂದು ಪತ್ರ ಬರೆದನು. ಕಾಂತವನ್ನು ಕುರಿತ ಮೊದಲ ವ್ಯವಸ್ಥಿತ ಪ್ರಾಯೋಗಿಕ ಬರೆಹಗಳಲ್ಲಿ ಅದು ಒಂದು. ಅದೇ ಪತ್ರದ ಕೊನೆಯಲ್ಲಿ, ಕಾಂತಶಿಲೆಯ ಸೆಳೆತದಿಂದ ಸದಾ ತಿರುಗುವ ಹಲ್ಲಿನ ಚಕ್ರವೊಂದರ ವಿವರಣೆಯೂ ಇದೆ! ಎಚ್ಚರದಿಂದ ಪ್ರಯೋಗ ಮಾಡಿದವನೇ ಈ ಆಸೆಗೂ ಒಳಗಾಗಿದ್ದನು. ಅಷ್ಟೇ ಅಲ್ಲ, ಆಕಾಶದೊಡನೆ ತಾನಾಗಿ ತಿರುಗುವುದೆಂದು ತಾನು ನಂಬಿದ ಕಾಂತಗೋಳ ತಿರುಗದಿದ್ದರೆ ಅದು ಮಾಡಿದವನ ಕೈಚಳಕದ ಕೊರತೆಯೇ ಹೊರತು ಪ್ರಕೃತಿಯದಲ್ಲವೆಂದು ಅವನು ಹೇಳಿದ್ದಾನೆ. ‘ಇನ್ನೂ ಸ್ವಲ್ಪ ಸರಿಮಾಡಬೇಕು’ ಎನ್ನುವ ನಮ್ಮ ಹುಡುಗನ ಮಾತಿಗೂ ಇದಕ್ಕೂ ಅಂತರ ಕಡಿಮೆ.

1648ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ ತನ್ನ ಯಂತ್ರಶಾಸ್ತ್ರದ ಪುಸ್ತಕದಲ್ಲಿ ಇನ್ನೊಂದು ಬಗೆಯನ್ನು ಚರ್ಚಿಸಿದನು. ಕಂಬದ ತುದಿಯಲ್ಲಿ ಕಾಂತಶಿಲೆ; ಅದರವರೆಗೆ ಏರುವ ಇಳಿಜಾರು ಹಲಗೆ; ಹಲಗೆಯ ಮೇಲ್ತುದಿಯಲ್ಲಿ ರಂಧ್ರ. ಕಬ್ಬಿಣದ ಗುಂಡನ್ನು ಕಾಂತ ಮೇಲಕ್ಕೆ ಎಳೆಯುತ್ತದೆ, ಗುಂಡು ರಂಧ್ರದಲ್ಲಿ ಬಿದ್ದು ಕೆಳಗಿನ ಬಾಗುದಾರಿಯಿಂದ ಮೊದಲಿನ ಜಾಗಕ್ಕೆ ಮರಳುತ್ತದೆ, ಮತ್ತೆ ಏರುತ್ತದೆ. ಚಿತ್ರ ನೋಡಿದವರಿಗೆ ದೋಷ ಕಾಣುವುದಿಲ್ಲ. ದೋಷವನ್ನು ತೋರಿಸಿದವನು ವಿಲ್ಕಿನ್ಸನೇ: ಗುಂಡನ್ನು ಕೆಳಗಿನಿಂದ ಎಳೆದುಕೊಳ್ಳುವಷ್ಟು ಬಲವುಳ್ಳ ಕಾಂತ, ತೀರ ಸಮೀಪಕ್ಕೆ ಬಂದ ಗುಂಡನ್ನು ರಂಧ್ರದೊಳಗೆ ಬೀಳಲು ಬಿಡುವುದೇಕೆ? ಶಕ್ತಿ ಸಂರಕ್ಷಣಾ ನಿಯಮ ರೂಪುಗೊಳ್ಳಲು ಇನ್ನೂ ಇನ್ನೂರು ವರ್ಷಗಳಿದ್ದವು. ನಿಯಮದ ಹೆಸರು ಹೇಳದೆ, ಗುಂಡಿನ ಜೊತೆಗೆ ದಾರಿಯುದ್ದಕ್ಕೂ ನಡೆದು ಅವನು ತಪ್ಪನ್ನು ಕಂಡನು. ತರಗತಿಯಲ್ಲಿ ನಾವು ಅನುಸರಿಸಬೇಕಾದ ಮಾರ್ಗ ಇದೇ ಎಂದು ನನ್ನ ಅಭಿಪ್ರಾಯ.

ಇಂದಿನ ಹವ್ಯಾಸಿಗಳ ಕೈಯಲ್ಲಿರುವ ಸಾಮಗ್ರಿ ಬೇರೆ. 1983ರ ಸುಮಾರಿಗೆ ಜಪಾನಿನಲ್ಲಿ ಮಸಾಟೊ ಸಗಾವಾ ಅವರೂ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯಲ್ಲಿ ಜಾನ್ ಕ್ರೋಟ್ ಅವರೂ ಪ್ರತ್ಯೇಕವಾಗಿ ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಕಾಂತಗಳನ್ನು ಪ್ರಕಟಿಸಿದರು. ಹುಣಿಸೆಬೀಜದಷ್ಟು ಗಾತ್ರದ ತುಂಡು ಹತ್ತಾರು ಮೊಳೆಗಳನ್ನು ಎತ್ತಬಲ್ಲದು. ಹಾಳಾದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿದರೆ ಇಂಥ ಕಾಂತ ಕೈಗೆ ಸಿಗುತ್ತದೆ. ಅದರ ಸೆಳೆತವನ್ನು ಒಮ್ಮೆ ಬೆರಳುಗಳಲ್ಲಿ ಅನುಭವಿಸಿದವನಿಗೆ ‘ಇಷ್ಟೊಂದು ಶಕ್ತಿಯನ್ನು ಸುಮ್ಮನೆ ಬಿಡುವುದೇ?’ ಎಂದು ಅನಿಸುವುದು ಸಹಜ.

ಇದಕ್ಕೂ ಮುಂಚೆ, 1979ರ ಏಪ್ರಿಲಿನಲ್ಲಿ, ಹೊವಾರ್ಡ್ ಜಾನ್ಸನ್ ಎಂಬ ಅಮೆರಿಕನ್ನರಿಗೆ ‘ಶಾಶ್ವತ ಕಾಂತ ಮೋಟರು’ ಎಂಬ ಹೆಸರಿನಲ್ಲಿ ಅಲ್ಲಿಯ ಪೇಟೆಂಟು ದೊರಕಿತು. ಬಾಳೆಹಣ್ಣಿನಂತೆ ಬಾಗಿದ ಕಾಂತಗಳು ತಿರುಗುವ ಭಾಗದಲ್ಲಿ, ಸಾಲಾಗಿ ಜೋಡಿಸಿದ ಕಾಂತಗಳು ನಿಂತ ಭಾಗದಲ್ಲಿ. ಅಂದಿನಿಂದ ನಾನಾ ದೇಶಗಳ ಹವ್ಯಾಸಿಗಳು ಈ ನಕ್ಷೆಯನ್ನು ಮಾಡಿ ನೋಡುತ್ತಲೇ ಬಂದಿದ್ದಾರೆ. ನೇರವಾದ ಹಳಿಯ ಮೇಲೆ ಕಾಂತದ ಗಾಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ. ಆ ಹಳಿಯನ್ನು ಬಗ್ಗಿಸಿ ವೃತ್ತ ಮಾಡಿದೊಡನೆ ನಿಲ್ಲುತ್ತದೆ. ಸ್ವತಂತ್ರ ಪರೀಕ್ಷೆಯಲ್ಲಿ ಈ ಮೋಟರು ತಾನಾಗಿ ನಡೆದದ್ದು ಸಾಬೀತಾಗಿಲ್ಲ. ಪೇಟೆಂಟು ಎಂದರೆ ಯಂತ್ರ ನಡೆಯುತ್ತದೆಂಬ ಸರಕಾರದ ಪ್ರಮಾಣಪತ್ರವೆಂದು ವಿದ್ಯಾರ್ಥಿಗಳೂ ಅವರ ಪೋಷಕರೂ ಭಾವಿಸಿರುತ್ತಾರೆ. ಅದು ಹಾಗಲ್ಲ. ನಮ್ಮ ದೇಶದ 1970ರ ಪೇಟೆಂಟ್ ಅಧಿನಿಯಮದ 3ನೆಯ ಪ್ರಕರಣದ ಆರಂಭದಲ್ಲಿಯೇ, ಸುಸ್ಥಾಪಿತ ಪ್ರಕೃತಿ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದದ್ದನ್ನು ಆವಿಷ್ಕಾರವೆಂದು ಪರಿಗಣಿಸಲಾಗದೆಂದು ಹೇಳಿದೆ.

ಈಗ ತಪ್ಪಿನ ಬೇರಿಗೆ ಬರೋಣ. ಅರ್ಧದಷ್ಟು ತಪ್ಪು ಭಾಷೆಯಲ್ಲಿಯೇ ಇದೆ. ಗಡಿನಾಡಿನ ಅಧ್ಯಾಪಕರಾದ ನಮಗೆ ಅದು ಇನ್ನಷ್ಟು ಜಟಿಲ. ‘ಈ ಕಾಂತಕ್ಕೆ ಬಹಳ ಶಕ್ತಿಯಿದೆ’ ಎಂದು ನಾವೂ ಹೇಳುತ್ತೇವೆ, ಮಕ್ಕಳೂ ಹೇಳುತ್ತಾರೆ. ಮನೆಮಾತಿನಲ್ಲಿ ಬಲ, ಶಕ್ತಿ, ತಾಕತ್ತು ಎಲ್ಲವೂ ಒಂದೇ. ಪಾಠದಲ್ಲಾದರೋ ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ಕಾಂತಕ್ಕೆ ಇರುವುದು ಬಲ. ಬಲವು ವಸ್ತುವನ್ನು ಸ್ವಲ್ಪ ದೂರ ಚಲಿಸುವಂತೆ ಮಾಡಿದಾಗ ಮಾತ್ರ ಕೆಲಸ ನಡೆಯುತ್ತದೆ, ಆಗ ಶಕ್ತಿಯ ಲೆಕ್ಕ ಹುಟ್ಟುತ್ತದೆ. ಗೋಡೆಯ ಮೊಳೆ ಅಂಗಿಯನ್ನು ವರ್ಷಗಟ್ಟಲೆ ಹಿಡಿದಿದ್ದರೂ ಅದು ಏನನ್ನೂ ಖರ್ಚು ಮಾಡುವುದಿಲ್ಲ; ಬೀರುವಿನ ಬಾಗಿಲಿಗೆ ಅಂಟಿದ ಕಾಂತವೂ ಹಾಗೆಯೇ.

ಪಕ್ಕದ ಭಾಷೆಗಳ ಪಾಠಪುಸ್ತಕಗಳನ್ನು ತೆರೆದು ನೋಡಿರಿ. ತೆಲುಗಿನಲ್ಲಿ ನಮ್ಮಂತೆಯೇ ಬಲಂ, ಶಕ್ತಿ, ಸಾಮರ್ಥ್ಯಂ ಎನ್ನುತ್ತಾರೆ. ಆದೋನಿ, ರಾಯದುರ್ಗಗಳ ಅಧ್ಯಾಪಕರಿಗೆ ತೊಡಕಿಲ್ಲ. ಮರಾಠಿಯಲ್ಲಿ ಬಲ ಎಂಬುದು ಬಲವೇ ಆದರೂ, ನಾವು ಶಕ್ತಿ ಎನ್ನುವುದಕ್ಕೆ ಅವರು ಊರ್ಜಾ ಎನ್ನುತ್ತಾರೆ, ಶಕ್ತಿ ಎಂಬ ಪದವನ್ನು ನಾವು ಸಾಮರ್ಥ್ಯ ಎನ್ನುವುದಕ್ಕೆ ಬಳಸುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ವಿದ್ಯಾರ್ಥಿ ಮರಾಠಿ ಮಾಧ್ಯಮದ ಗೆಳೆಯನೊಡನೆ ಕುಳಿತು ಲೆಕ್ಕ ಮಾಡಿದರೆ ಒಂದೇ ಪದ ಇಬ್ಬರಿಗೂ ಬೇರೆ ಬೇರೆ ಪರಿಮಾಣ. ಮಲಯಾಳದಲ್ಲಿ ಬಲಂ, ಊರ್ಜಂ. ತಮಿಳಿನಲ್ಲಿ ವಿಸೈ, ಆಟ್ರಲ್, ತಿರನ್. ಕಾಂತದ ಹೆಸರಿನಲ್ಲಿಯೂ ಇದೇ ವೈವಿಧ್ಯ: ಕಾಂತಂ, ಕಾಂದಂ, ಅಯಸ್ಕಾಂತಂ, ಚುಂಬಕ್, ನಮ್ಮ ಹಿರಿಯರ ಸೂಜಿಗಲ್ಲು. ಹೆಸರಿನ ವೈವಿಧ್ಯದಿಂದ ತೊಂದರೆಯಿಲ್ಲ. ಬಲ ಮತ್ತು ಶಕ್ತಿಗಳ ಗೊಂದಲದಿಂದ ಮಾತ್ರ ತೊಂದರೆ ಖಂಡಿತ. ಕಾಂತಚಕ್ರದ ಮಾತೆತ್ತುವ ಮುನ್ನ ಹತ್ತು ನಿಮಿಷ ಈ ಪದಗಳಿಗೆ ಕೊಟ್ಟರೆ ಮುಂದಿನ ದಾರಿ ಸುಲಭವಾಗುತ್ತದೆ.

ಕಾಂತದೊಳಗೆ ಶಕ್ತಿ ಸ್ವಲ್ಪವೂ ಇಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಇದೆ. ಕಾರ್ಖಾನೆಯಲ್ಲಿ ಅದನ್ನು ಕಾಂತವಾಗಿಸುವಾಗ ದೊಡ್ಡ ವಿದ್ಯುತ್ ಸುರುಳಿಯಿಂದ ಹಾಕಿದ ಶಕ್ತಿಯ ಒಂದಂಶ ಅದು. ಎಷ್ಟೆಂದು ಅಂದಾಜು ಮಾಡಬಹುದು. 20 ಮಿಲಿಮೀಟರ್ ವ್ಯಾಸ, 10 ಮಿಲಿಮೀಟರ್ ದಪ್ಪದ ಒಳ್ಳೆಯ ನಿಯೋಡಿಮಿಯಂ ಬಿಲ್ಲೆಯಲ್ಲಿ ಸುಮಾರು ಒಂದು ಜೂಲ್. ನೂರು ಗ್ರಾಂ ತೂಕವನ್ನು ಒಂದು ಮೀಟರ್ ಎತ್ತಲು ಬೇಕಾಗುವಷ್ಟು. 10 ವಾಟಿನ ಎಲ್‌ಇಡಿ ದೀಪವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗ ಉರಿಸುವಷ್ಟು. ಗೋಡೆ ಗಡಿಯಾರಕ್ಕೆ ಹಾಕುವ ಸಾಮಾನ್ಯ ಕ್ಷಾರೀಯ ಸೆಲ್ಲಿನಲ್ಲಿ ಸುಮಾರು 10,000 ಜೂಲ್ ಇರುತ್ತದೆ. ಕಾಂತದ ಆ ಒಂದು ಜೂಲನ್ನು ಪಡೆಯಬೇಕಾದರೂ ಅದರ ಕಾಂತತ್ವವನ್ನೇ ನಾಶಮಾಡಬೇಕು. ಈ ಹೋಲಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ಉಂಟಾಗುವ ಮೌನವನ್ನು ನಾನು ಅನೇಕ ಸಲ ಕಂಡಿದ್ದೇನೆ. ಬೆರಳನ್ನು ಜಜ್ಜುವಷ್ಟು ಬಲವುಳ್ಳ ಕಾಂತದಲ್ಲಿ ಇಷ್ಟೇ ಶಕ್ತಿಯೇ ಎಂದು!

ಹವ್ಯಾಸಿಗಳು ಅತಿ ಹೆಚ್ಚಾಗಿ ಮಾಡುವ ಚಕ್ರವೊಂದನ್ನು ವಿವರವಾಗಿ ನೋಡೋಣ. ನಮ್ಮ ವಿದ್ಯಾರ್ಥಿಗಳು ತರುವುದೂ ಬಹುಮಟ್ಟಿಗೆ ಇದನ್ನೇ. ಡೋಲಿನಂತಹ ಚಕ್ರದ ಮೈಮೇಲೆ ಕಾಂತಗಳನ್ನು ಎರಡು ಸಾಲಾಗಿ ಅಂಟಿಸುತ್ತಾರೆ. ಆರಂಭದಲ್ಲಿ ಎರಡು ಸಾಲುಗಳು ಹತ್ತಿರ, ಮುಂದೆ ಹೋದಂತೆ ದೂರ, ಇಂಗ್ಲಿಷಿನ ‘ವಿ’ ಅಕ್ಷರದಂತೆ. ಚಕ್ರದ ಪಕ್ಕದಲ್ಲಿ ಒಂದು ಕಾಂತವನ್ನು ಗಟ್ಟಿಯಾಗಿ ನಿಲ್ಲಿಸುತ್ತಾರೆ. ಚಕ್ರವನ್ನು ಬಿಟ್ಟೊಡನೆ ಅದು ತಾನಾಗಿ ಹೊರಡುತ್ತದೆ! ಹೆಚ್ಚುಕಡಿಮೆ ಪೂರ್ತಿ ಒಂದು ಸುತ್ತು ವೇಗವಾಗುತ್ತಲೇ ಹೋಗಿ, ‘ವಿ’ಯ ಕೊನೆ ಮತ್ತು ಮೊದಲು ಕೂಡುವ ಜಾಗದಲ್ಲಿ ತಡೆದು, ಹಿಂದಕ್ಕೆ ಮುಂದಕ್ಕೆ ತೂಗಿ ನಿಲ್ಲುತ್ತದೆ. ಮಾಡಿದವನ ಕಣ್ಣಿಗೆ 350 ಡಿಗ್ರಿಗಳಷ್ಟು ಗೆಲುವು, 10 ಡಿಗ್ರಿಗಳಷ್ಟು ಸೋಲು. ಆ ಹತ್ತು ಡಿಗ್ರಿಯನ್ನು ಹೇಗಾದರೂ ದಾಟಿಸಿದರೆ ಕೆಲಸವಾಯಿತೆಂದು ಅವನು ತಿಳಿಯುತ್ತಾನೆ. ಜೀವಮಾನದ ಹವ್ಯಾಸವೆಲ್ಲ ಆ ಹತ್ತು ಡಿಗ್ರಿಯ ಸುತ್ತಲೇ ನಡೆಯುತ್ತದೆ.

ಡಿಗ್ರಿಗಳನ್ನು ಎಣಿಸುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಎಣಿಸಬೇಕಾದದ್ದು ಬಲವನ್ನು ದೂರದಿಂದ ಗುಣಿಸಿದ ಮೊತ್ತವನ್ನು. ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಆದರೆ ಪರಿಧಿ ಸುಮಾರು 1.88 ಮೀಟರ್. ಅದರಲ್ಲಿ 1.80 ಮೀಟರ್ ದೂರ ಕಾಂತವು ಸರಾಸರಿ 0.1 ನ್ಯೂಟನ್ ಬಲದಿಂದ ಮುಂದಕ್ಕೆ ಎಳೆಯಿತು ಎಂದುಕೊಳ್ಳೋಣ. ಕೆಲಸ 0.18 ಜೂಲ್. ಉಳಿದ 8 ಸೆಂಟಿಮೀಟರಿನಲ್ಲಿ ಅದೇ ಕಾಂತ ಸರಾಸರಿ 2.25 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. 2.25 ಅನ್ನು 0.08ರಿಂದ ಗುಣಿಸಿದರೆ ಅದೂ 0.18 ಜೂಲ್. ಗುಡ್ಡವನ್ನು ಒಂದು ಕಡೆಯಿಂದ ಬಳಸುದಾರಿಯಲ್ಲಿ ನಿಧಾನವಾಗಿ ಇಳಿದು, ಇನ್ನೊಂದು ಕಡೆಯಿಂದ ಕಡಿದಾದ ಬಂಡೆಯನ್ನು ಹತ್ತಿ ಹೊರಟ ಜಾಗಕ್ಕೇ ಬಂದಂತೆ. ಇಳಿದ ಎತ್ತರವೂ ಹತ್ತಿದ ಎತ್ತರವೂ ಒಂದೇ ಆಗಿರಲೇಬೇಕು. ಸ್ಥಿರವಾದ ಕಾಂತಗಳ ನಡುವೆ ಯಾವ ದಾರಿಯಲ್ಲಿ ಹೋಗಿ ಹೊರಟ ಜಾಗಕ್ಕೆ ಮರಳಿದರೂ ಒಟ್ಟು ಕೆಲಸ ಸೊನ್ನೆ. ಘರ್ಷಣೆಯೇ ಇಲ್ಲದಿದ್ದರೆ ಚಕ್ರ ಆ ಗೋಡೆಯ ನೆತ್ತಿಯನ್ನು ತಲುಪಿ ನಿಲ್ಲುತ್ತಿತ್ತು. ಘರ್ಷಣೆಯಿರುವುದರಿಂದ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಚಕ್ರ ಪ್ರತಿಸಲವೂ ಅದೇ ಜಾಗದಲ್ಲಿ ನಿಲ್ಲುವುದನ್ನು ವಿದ್ಯಾರ್ಥಿಯ ಗಮನಕ್ಕೆ ತನ್ನಿರಿ. ಅವನೂ ಅದನ್ನು ನೋಡಿರುತ್ತಾನೆ, ಅರ್ಥ ಮಾಡಿಕೊಂಡಿರುವುದಿಲ್ಲ.

ಆ ಗೋಡೆಯನ್ನು ತಪ್ಪಿಸಲು ಹವ್ಯಾಸಿಗಳು ಹೂಡುವ ಉಪಾಯಗಳು ಅನೇಕ. ಕಬ್ಬಿಣದ ತಗಡನ್ನು ಅಡ್ಡ ತಂದು ಕಾಂತವನ್ನು ಮರೆಮಾಡುವುದು ಒಂದು. ತಗಡನ್ನೂ ಕಾಂತ ಎಳೆಯುತ್ತದೆ. ಅದನ್ನು ಒಳಗೆ ತಂದು ಹೊರಗೆ ತೆಗೆಯುವ ಕೆಲಸ ಉಳಿತಾಯವಾದುದನ್ನು ನುಂಗಿಬಿಡುತ್ತದೆ. ನಿಂತ ಕಾಂತವನ್ನೇ ಸರಿಯಾದ ಕ್ಷಣಕ್ಕೆ ಸನ್ನೆಯಿಂದ ಎತ್ತಿಬಿಡುವುದು ಇನ್ನೊಂದು. ಎತ್ತುವುದಕ್ಕೆ ಬೇಕಾದ ಕೆಲಸ ಚಕ್ರದಿಂದಲೇ ಬರಬೇಕು. ಕಾಂತಗಳನ್ನು ಓರೆಯಾಗಿಸುವುದು, ಸಂಖ್ಯೆಯನ್ನು ಬೆಸದಿಂದ ಸಮಕ್ಕೆ ಬದಲಿಸುವುದು ಮುಂತಾದವು ಗೋಡೆಯ ಆಕಾರವನ್ನು ಬದಲಿಸುತ್ತವೆ, ಎತ್ತರವನ್ನಲ್ಲ.

ಆ ಗೋಡೆಯನ್ನು ನಿಜವಾಗಿ ತೆಗೆದುಹಾಕುವ ಉಪಾಯ ಒಂದಿದೆ, ಅದು ನಮ್ಮ ಪಾಠದಲ್ಲಿಯೇ ಇದೆ. 1821ರಲ್ಲಿ ಮೈಕೆಲ್ ಫ್ಯಾರಡೆ ಪಾದರಸದ ಬಟ್ಟಲಿನಲ್ಲಿ ಕಾಂತವನ್ನು ನಿಲ್ಲಿಸಿ, ತೂಗುಬಿಟ್ಟ ತಂತಿಯಲ್ಲಿ ವಿದ್ಯುತ್ತನ್ನು ಹರಿಸಿದಾಗ ತಂತಿ ಕಾಂತದ ಸುತ್ತ ತಿರುಗಿತು. ಸುರುಳಿಗೆ ವಿದ್ಯುತ್ತನ್ನು ಕೊಟ್ಟು, ಸರಿಯಾದ ಗಳಿಗೆಯಲ್ಲಿ ನಿಲ್ಲಿಸಿ ಅಥವಾ ದಿಕ್ಕನ್ನು ಬದಲಿಸಿ, ಎಳೆತವು ತಡೆಯಾಗುವ ಮುನ್ನವೇ ಅದನ್ನು ಇಲ್ಲವಾಗಿಸಬಹುದು. ಎಲ್ಲ ನಿಜವಾದ ಶಾಶ್ವತ ಕಾಂತ ಮೋಟರುಗಳ ಗುಟ್ಟು ಇದೇ. ಇದರ ಬೆಲೆಯನ್ನು ಸೆಲ್ಲು ತೆರುತ್ತದೆ. ಈಚೆಗೆ ಮನೆಗಳಿಗೆ ಬಂದಿರುವ ಬಿಎಲ್‌ಡಿಸಿ ಫ್ಯಾನುಗಳಲ್ಲಿ ತಿರುಗುವ ಭಾಗದಲ್ಲಿ ಶಾಶ್ವತ ಕಾಂತಗಳಿವೆ; ಹಳೆಯ ಫ್ಯಾನು 70-80 ವಾಟ್ ಬಳಸುವಲ್ಲಿ ಇವು 30 ವಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಬೀಸುತ್ತವೆ. ಕಾಂತದಿಂದ ಉಳಿತಾಯ ಸಾಧ್ಯ ಎಂಬ ವಿದ್ಯಾರ್ಥಿಯ ಊಹೆ ಪೂರ್ತಿ ಸುಳ್ಳಲ್ಲವೆಂಬುದನ್ನೂ ಅವನಿಗೆ ಹೇಳಬೇಕು.

ಇನ್ನು ಮಾಪನದ ಮಾತು. ಪ್ರಾಮಾಣಿಕ ಹವ್ಯಾಸಿಗಳು ಹೆಚ್ಚಾಗಿ ಮೋಸಹೋಗುವುದು ಇಲ್ಲಿ. ಸೈಕಲ್ ಚಕ್ರದ ಅಂಚಿಗೆ ಕಾಂತಗಳನ್ನು ಕೂರಿಸಿ, ಕೆಳಗೆ ಸುರುಳಿಯಿಟ್ಟು, ಟ್ರಾನ್ಸಿಸ್ಟರಿನ ಮೂಲಕ 12 ವೋಲ್ಟಿನ ಬ್ಯಾಟರಿಯಿಂದ ಸಣ್ಣ ಸಣ್ಣ ತುಡಿತಗಳಲ್ಲಿ ವಿದ್ಯುತ್ ಕೊಟ್ಟು ತಿರುಗಿಸುವ ಮೋಟರುಗಳು ಬಹಳ ಜನಪ್ರಿಯ. ವಿದ್ಯುತ್ ನಿಂತ ಕ್ಷಣದಲ್ಲಿ ಸುರುಳಿಯಲ್ಲಿ ಏಳುವ ಹೆಚ್ಚಿನ ವೋಲ್ಟೇಜನ್ನು ಎರಡನೆಯ ಬ್ಯಾಟರಿಗೆ ಕೊಡುತ್ತಾರೆ. ಉದಾಹರಣೆಗೆ ಆ ತುಡಿತ 100 ವೋಲ್ಟು, 0.1 ಆಂಪಿಯರ್, ಒಟ್ಟು ಕಾಲದ ನೂರನೆಯ ಒಂದು ಭಾಗ ಮಾತ್ರ ಇರುತ್ತದೆ ಎನ್ನೋಣ. 100ನ್ನು 0.1ರಿಂದ ಗುಣಿಸಿದವನು 10 ವಾಟ್ ಬಂತೆಂದು ಸಂಭ್ರಮಿಸುತ್ತಾನೆ. ನಿಜವಾಗಿ ಬಂದದ್ದು ಅದರ ನೂರನೆಯ ಒಂದು ಭಾಗ, 0.1 ವಾಟ್. ಬ್ಯಾಟರಿಯ ವೋಲ್ಟೇಜು ಸ್ವಲ್ಪ ಏರಿತೆಂದ ಮಾತ್ರಕ್ಕೆ ಅದು ತುಂಬಿತೆಂದೂ ಅರ್ಥವಲ್ಲ. ಹೊರೆ ತೆಗೆದ ಮೇಲೆ ದಣಿದ ಬ್ಯಾಟರಿಯ ವೋಲ್ಟೇಜೂ ತುಸು ಏರುತ್ತದೆ. ಅಮೆರಿಕದಲ್ಲಿ ಜೋಸೆಫ್ ನ್ಯೂಮನ್ ಎಂಬವರು ದೊಡ್ಡ ಸುರುಳಿಯೊಳಗೆ ಕಾಂತ ತಿರುಗುವ ಯಂತ್ರದಿಂದ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬರುತ್ತದೆಂದು ಪೇಟೆಂಟಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯದ ಆದೇಶದಂತೆ 1986ರಲ್ಲಿ ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆ ಯಂತ್ರವನ್ನು ಅಳೆಯಿತು. ಎಲ್ಲ ಪರೀಕ್ಷೆಗಳಲ್ಲಿಯೂ ಹೊರಬಂದದ್ದು ಒಳಹೋದದ್ದಕ್ಕಿಂತ ಕಡಿಮೆ.

ಹವ್ಯಾಸ ಒಂದು, ವ್ಯಾಪಾರ ಇನ್ನೊಂದು. 2006ರ ಆಗಸ್ಟಿನಲ್ಲಿ ಐರ್ಲೆಂಡಿನ ಸ್ಟಿಯಾರ್ನ್ ಎಂಬ ಸಂಸ್ಥೆ ‘ಎಕನಾಮಿಸ್ಟ್’ ವಾರಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕಾಂತಗಳಿಂದ ಬಿಟ್ಟಿ ಶಕ್ತಿ ಪಡೆಯುವ ತನ್ನ ಯಂತ್ರವನ್ನು ಪರೀಕ್ಷಿಸಲು ವಿಜ್ಞಾನಿಗಳನ್ನು ಕರೆಯಿತು. 2007ರಲ್ಲಿ ಲಂಡನ್ನಿನಲ್ಲಿ ಏರ್ಪಡಿಸಿದ್ದ ಪ್ರದರ್ಶನ ದೀಪಗಳ ಶಾಖದ ನೆಪದಲ್ಲಿ ನಿಂತುಹೋಯಿತು. 2009ರಲ್ಲಿ ಆ ವಿಜ್ಞಾನಿಗಳ ತಂಡ, ಶಕ್ತಿ ಉತ್ಪತ್ತಿಯಾದದ್ದನ್ನು ಸಂಸ್ಥೆ ತೋರಿಸಿಲ್ಲವೆಂದು ಒಮ್ಮತದಿಂದ ತೀರ್ಪಿತ್ತಿತು. ಹಣ ಹೂಡಿದವರ ಕೋಟಿಗಟ್ಟಲೆ ಯೂರೋಗಳನ್ನು ಕರಗಿಸಿ 2016ರಲ್ಲಿ ಸಂಸ್ಥೆ ಮುಚ್ಚಿತು. ಕಾಂತದ ಜನರೇಟರಿನ ನಕ್ಷೆ ಮಾರುವವರು, ಮುಂಗಡ ಕೇಳುವವರು ನಮ್ಮ ಊರುಗಳಿಗೂ ಮೊಬೈಲಿನ ಮೂಲಕ ಬಂದಿದ್ದಾರೆ. ಮೋಟರು ಪಂಪಿನ ವಿದ್ಯುತ್ ಬಿಲ್ಲಿನಿಂದ ಬೇಸತ್ತ ರೈತ ಕುಟುಂಬದ ಮಗುವೊಂದು ಅಪ್ಪನ ಎದುರು ಈ ಲೆಕ್ಕವನ್ನು ಮಾಡಿ ತೋರಿಸಬಲ್ಲುದಾದರೆ ನಮ್ಮ ಪಾಠ ಸಾರ್ಥಕ. ದೃಶ್ಯಗಳಲ್ಲಿ ಕಂಪ್ಯೂಟರಿನ ಸಣ್ಣ ಫ್ಯಾನಿಗೆ ಕಾಂತ ತಾಗಿಸಿದೊಡನೆ ತಿರುಗುವುದನ್ನು ತೋರಿಸುತ್ತಾರೆ. ಚೌಕಟ್ಟಿನ ಹೊರಗಿನಿಂದ ಗಾಳಿ ಊದುವುದು, ಬುಡದಲ್ಲಿ ಸಣ್ಣ ಸೆಲ್ಲನ್ನು ಅಡಗಿಸುವುದು ಕಷ್ಟದ ಕೆಲಸವಲ್ಲ.

ತರಗತಿಯಲ್ಲಿ ಮಾಡಬಹುದಾದ ಪ್ರಯೋಗ ಒಂದನ್ನು ಮಾತ್ರ ಹೇಳುತ್ತೇನೆ, ತುಸು ವಿವರವಾಗಿ. ಹಳೆಯ ಸೈಕಲಿನ ಮುಂದಿನ ಚಕ್ರವನ್ನು ಅದರ ಕವಲಿನೊಡನೆ ಮೇಜಿಗೆ ಭದ್ರವಾಗಿ ಕಟ್ಟಿರಿ. ಕಾಂತಗಳನ್ನು ವಿದ್ಯಾರ್ಥಿ ತನಗೆ ತೋಚಿದಂತೆಯೇ ಅಂಚಿಗೆ ಅಂಟಿಸಲಿ. ಅವನ ನಕ್ಷೆಯನ್ನು ತಿದ್ದಬೇಡಿರಿ. ಪಕ್ಕದಲ್ಲಿ ಕಾಂತ ನಿಲ್ಲಿಸುವ ಮುನ್ನ ಚಕ್ರವನ್ನು ತಿರುಗಿಸಿ ಬಿಟ್ಟರೆ ಅದು ಪ್ರತಿಸಲವೂ ಬೇರೆ ಬೇರೆ ಕಡೆ ನಿಲ್ಲಬೇಕು. ಒಂದೇ ಕಡೆ ನಿಲ್ಲುತ್ತಿದ್ದರೆ ಅಲ್ಲಿ ಕೆಳಬದಿ ಭಾರವಾಗಿದೆ. ಎದುರಿನ ಕಡ್ಡಿಗಳಿಗೆ ತಂತಿ ಸುತ್ತಿ ಸರಿದೂಗಿಸಿರಿ. ಅಂಚನ್ನು 10 ಡಿಗ್ರಿಗೊಂದರಂತೆ 36 ಗುರುತು ಮಾಡಿರಿ. ಒಂದೊಂದು ಭಾಗ ಸುಮಾರು 5 ಸೆಂಟಿಮೀಟರ್ ಆಗುತ್ತದೆ. ಅಂಚಿಗೆ ದಾರ ಸುತ್ತಿ, ದಾರದ ತುದಿಗೆ ಸ್ಪ್ರಿಂಗ್ ತ್ರಾಸು ಸಿಕ್ಕಿಸಿರಿ. ಕಡಿಮೆ ವ್ಯಾಪ್ತಿಯ ತ್ರಾಸಾದರೆ ಒಳ್ಳೆಯದು.

ಈಗ ನಿಂತ ಕಾಂತವನ್ನಿಟ್ಟು, ಪ್ರತಿ ಗುರುತಿನಲ್ಲಿಯೂ ಬಲವನ್ನು ಓದಬೇಕು. ಚಕ್ರ ತಾನಾಗಿ ಮುಂದೆ ಓಡುವ ಕಡೆ ತ್ರಾಸು ಹಿಂದಿನಿಂದ ತಡೆದು ಹಿಡಿಯಬೇಕು. ಮೊಂಡು ಹಿಡಿಯುವ ಕಡೆ ಮುಂದಿನಿಂದ ಎಳೆಯಬೇಕು. ಪ್ರತಿ ಗುರುತಿನಲ್ಲಿ ಚಕ್ರವನ್ನು ಮೆಲ್ಲನೆ ಮುಂದೆ ಬಿಡುತ್ತ ಒಮ್ಮೆ, ಹಿಂದಕ್ಕೆ ಎಳೆಯುತ್ತ ಒಮ್ಮೆ ಓದಿ ಸರಾಸರಿ ತೆಗೆದರೆ ಘರ್ಷಣೆಯ ಪಾಲು ಬಿಟ್ಟುಹೋಗಿ ಕಾಂತದ ಬಲ ಮಾತ್ರ ಉಳಿಯುತ್ತದೆ. ಬಲ ವೇಗವಾಗಿ ಬದಲಾಗುವ ಜಾಗದಲ್ಲಿ ಗುರುತುಗಳನ್ನು ಇನ್ನೂ ಹತ್ತಿರ ಮಾಡಿಕೊಳ್ಳಬೇಕು. ಇದನ್ನು ಮರೆತರೆ ಗೋಡೆಯೇ ಕೈತಪ್ಪಿ, ಯಂತ್ರ ಗೆದ್ದಂತೆ ಕಾಣುತ್ತದೆ. ನನ್ನ ತರಬೇತಿ ತಂಡವೊಂದರಲ್ಲಿ ಹಾಗೆಯೇ ಆಗಿ, ಒಂದು ಮಧ್ಯಾಹ್ನವಿಡೀ ಅಧ್ಯಾಪಕರೆಲ್ಲ ಪ್ರಕೃತಿ ನಿಯಮವನ್ನು ಮುರಿದ ಸಂತೋಷದಲ್ಲಿದ್ದರು! ಓದುಗಳನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿ, ಮುಂದಕ್ಕೆ ತಳ್ಳುವ ಬಲವನ್ನು ರೇಖೆಯ ಮೇಲೂ ಹಿಂದಕ್ಕೆ ಎಳೆಯುವುದನ್ನು ಕೆಳಗೂ ಬರೆದು, ಎರಡು ಕಡೆಯ ಚೌಕಗಳನ್ನು ಎಣಿಸಲಿ. ಸರಿಸುಮಾರು ಸಮವಾಗುತ್ತವೆ. ನೂರಕ್ಕೆ ಐದು, ಹತ್ತರ ವ್ಯತ್ಯಾಸ ಬಂದರೆ ಗಾಬರಿ ಬೇಡ. ಮತ್ತೆ ಅಳೆದಾಗ ಆ ವ್ಯತ್ಯಾಸ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬೀಳುತ್ತದೆಯೇ ಎಂದು ನೋಡಲಿ.

ಕೊನೆಯಲ್ಲಿ ಕಾಂತವನ್ನು ತೆಗೆದು, ಚಕ್ರವನ್ನು ಕೈಯಿಂದ ಸೆಕೆಂಡಿಗೆ ಎರಡು ಸುತ್ತು ತಿರುಗುವಂತೆ ಮಾಡಿ ಬಿಡಿರಿ. ಅಂಚಿನ ರಾಶಿ ಒಂದು ಕಿಲೋಗ್ರಾಂ ಆದರೆ ಅಂಗೈಯ ಆ ಒಂದು ತಳ್ಳುವಿಕೆಯಲ್ಲಿ ಏಳು ಜೂಲ್ ಇರುತ್ತದೆ. ಒಳ್ಳೆಯ ಬೇರಿಂಗಿದ್ದರೆ ಅಷ್ಟರಿಂದಲೇ ಚಕ್ರ ನಿಮಿಷಗಟ್ಟಲೆ ತಿರುಗುತ್ತದೆ. ‘ನನ್ನ ಮೋಟರು ಮೂರು ನಿಮಿಷ ನಡೆಯಿತು’ ಎಂಬ ಮಾತಿಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಈ ಕೆಲಸ ಮಾಡಿದ ವಿದ್ಯಾರ್ಥಿ ಚಕ್ರವನ್ನು ಎಸೆಯಬೇಕಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ವಿದ್ಯುತ್ ಜಾಲ ತಲುಪದ ಸ್ಕೋರೇಗ್ ಎಂಬ ಮೂಲೆಯಲ್ಲಿ ಹ್ಯೂ ಪಿಗಟ್ ಎಂಬವರು 1970ರ ದಶಕದಿಂದ ಗಾಳಿಯಂತ್ರಗಳನ್ನು ಮಾಡುತ್ತಿದ್ದರು. ಎರಡು ಉಕ್ಕಿನ ತಟ್ಟೆಗಳಿಗೆ ನಿಯೋಡಿಮಿಯಂ ಕಾಂತಗಳನ್ನು ಕೂರಿಸಿ, ನಡುವೆ ರಾಳದಲ್ಲಿ ಎರಕ ಹೊಯ್ದ ತಾಮ್ರದ ಸುರುಳಿಗಳನ್ನಿಟ್ಟ ಅವರ ಜನಕದ ನಕ್ಷೆಯನ್ನು ಅನುಸರಿಸಿ ಲೋಕದ ನಾನಾ ಕಡೆ ಹವ್ಯಾಸಿಗಳು ತಮ್ಮ ಕೈಯಿಂದಲೇ ಯಂತ್ರ ಮಾಡಿಕೊಂಡಿದ್ದಾರೆ. ಅಂಟಿಸುವುದು, ಸರಿದೂಗಿಸುವುದು, ಬೇರಿಂಗನ್ನು ನಯಗೊಳಿಸುವುದು, ಕಾಂತಗಳ ನಡುವಣ ಅಂತರವನ್ನು ತಿದ್ದುವುದು, ಎಲ್ಲವೂ ಕಾಂತಚಕ್ರದವನು ಕಲಿತ ಕೆಲಸಗಳೇ. ಇಲ್ಲಿ ತಿರುಗಿಸುವುದು ಗಾಳಿ. ನಿಮ್ಮ ವಿದ್ಯಾರ್ಥಿಯ ಚಕ್ರದ ಪಕ್ಕದಲ್ಲಿ ತೆಳುವಾದ ತಾಮ್ರದ ತಂತಿಯ ನೂರಾರು ಸುತ್ತಿನ ಸುರುಳಿಯನ್ನಿಟ್ಟು, ಕೈಯಿಂದ ಜೋರಾಗಿ ತಿರುಗಿಸಿದರೆ ಸಣ್ಣ ಎಲ್‌ಇಡಿ ಮಿನುಗುತ್ತದೆ. ಸುರುಳಿಯ ತುದಿಗಳನ್ನು ಕೂಡಿಸಿ ತಿರುಗಿಸಿದರೆ ಚಕ್ರ ಬೇಗ ನಿಲ್ಲುತ್ತದೆಯೇ ಎಂದು ಅವನನ್ನೇ ಪರೀಕ್ಷಿಸಲು ಬಿಡಿರಿ. ಬೆಳಕಿನ ಬೆಲೆಯನ್ನು ಯಾರು ಕೊಡುತ್ತಿದ್ದಾರೆಂದು ಅವನ ಕೈಗೇ ತಿಳಿಯುತ್ತದೆ.

ನಿಯೋಡಿಮಿಯಂ ಕಾಂತಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಎರಡು ಕಾಂತಗಳನ್ನು ಮಗು ನುಂಗಿದರೆ ಅವು ಕರುಳಿನ ಬೇರೆ ಬೇರೆ ಮಡಿಕೆಗಳಲ್ಲಿದ್ದುಕೊಂಡೇ ಒಂದನ್ನೊಂದು ಸೆಳೆದು ಕರುಳನ್ನು ತೂತು ಮಾಡಬಲ್ಲವು. ಸಂಶಯ ಬಂದ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೆಳಗಿನ ತರಗತಿಯ ಮಕ್ಕಳ ಕೈಗೆ ಸಿಗದಂತೆ, ಎಣಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಿರಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇವುಗಳ ಹತ್ತಿರ ಬರಬಾರದು. ಎರಡು ದೊಡ್ಡ ಕಾಂತಗಳನ್ನು ಬೇರ್ಪಡಿಸುವಾಗ ನೇರವಾಗಿ ಎಳೆಯದೆ, ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಕೈಜಾರಿ ಅವು ಒಂದಕ್ಕೊಂದು ಅಪ್ಪಳಿಸಿದರೆ ಚೂರುಗಳು ಕಣ್ಣಿಗೆ ಹಾರುತ್ತವೆ.